ಮೆಸ್ಕ್ಲನ್: ನೀಸ್ ಊರಿನ ಬೆರಕೆ ಸೊಪ್ಪನ್ನು ಬಿತ್ತಿ, ಕೊಯ್ದು, ಕಲಸುವ ಬಗೆ

ಮೆಸ್ಕ್ಲನ್ ಅನ್ನುವ ಹೆಸರಿನ ಗಿಡ ಎಲ್ಲೂ ಇಲ್ಲ. ಫ್ರಾನ್ಸಿನ ದಕ್ಷಿಣದ ಕಡಲತೀರದಲ್ಲಿರುವ ನೀಸ್ ಊರಿನ ಹಳೆಯ ಆಡುಮಾತಿನಲ್ಲಿ 'ಮೆಸ್ಕ್ಲಾ' ಅಂದರೆ ಬೆರೆಸು. ಬೆರೆಸಿದ್ದು ಮೆಸ್ಕ್ಲನ್. ನಮ್ಮ ಕೋಲಾರ, ಮಂಡ್ಯ, ತುಮಕೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಬಿದ್ದ ಮೇಲೆ ಹೊಲದಲ್ಲಿ ತಾನಾಗಿ ಎದ್ದ ಹತ್ತಾರು ಸೊಪ್ಪನ್ನು ಮಡಿಲಿಗೆ ಕಿತ್ತು ತಂದು ಬೆರಕೆ ಸೊಪ್ಪು ಅಂತ ಸಾರು ಮಾಡುವವರು ನಾವು. ಅವರದ್ದೂ ಬೆರಕೆ ಸೊಪ್ಪೇ. ನಾವು ಬೇಯಿಸಿ ಮಸೆಯುತ್ತೇವೆ, ಅವರು ಹಸಿಯಾಗಿ ತಿನ್ನುತ್ತಾರೆ.

ಈಗ ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೆಂಪು, ಹಸಿರು ಎಲೆಗಳ 'ಸಲಾಡ್ ಮಿಕ್ಸ್' ಸಿಗುತ್ತದೆ. ನೋಡಲು ಚೆಂದ. ಬಾಯಿಗೆ ಹಾಕಿದರೆ ನೀರು ಜಗಿದಂತೆ ಇರುತ್ತದೆ. ಅದನ್ನು ತಿಂದು 'ಹಸಿ ಸೊಪ್ಪಿನಲ್ಲಿ ಏನು ರುಚಿ?' ಅಂದವರನ್ನು ನಾನು ಬಹಳ ಕಂಡಿದ್ದೇನೆ. ಅವರ ತಪ್ಪಲ್ಲ. ಆ ಡಬ್ಬಿಯನ್ನು ಬಣ್ಣ ನೋಡಿ ತುಂಬಿರುತ್ತಾರೆ. ಮೆಸ್ಕ್ಲನ್ ಕಟ್ಟಬೇಕಾದದ್ದು ರುಚಿ ನೋಡಿ. ಮೆದು, ಖಾರ, ಕಹಿ, ಪರಿಮಳ, ಈ ನಾಲ್ಕೂ ಒಂದೇ ತುತ್ತಿನಲ್ಲಿ ಸಿಗಬೇಕು. ಇದನ್ನು ಮನೆಯಲ್ಲೇ, ಮೂರು ನಾಲ್ಕು ಕುಂಡದಲ್ಲಿ, ಬೀಜದಿಂದ ತಟ್ಟೆಯವರೆಗೆ ಹೇಗೆ ಮಾಡುವುದು ಅಂತ ಬರೆಯುತ್ತಿದ್ದೇನೆ.

ಎಲ್ಲಿಂದ ಬಂತು

ನೀಸ್ ಊರಿನ ಮೇಲ್ಗಡೆ ಸಿಮಿಯೆ ಅನ್ನುವ ಗುಡ್ಡವಿದೆ. ಅಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳ ಮಠ, ಮಠಕ್ಕೊಂದು ತೋಟ. ಅಲ್ಲಿನ ಸನ್ಯಾಸಿಗಳು ತೋಟದಲ್ಲಿ ಬೆಳೆದ ಎಳೆ ಸೊಪ್ಪುಗಳನ್ನು ಬೆರೆಸಿ, ಮಠಕ್ಕೆ ನೆರವಾದವರಿಗೆ ಪುಟ್ಟ ಬುಟ್ಟಿಯಲ್ಲಿ ಕೊಡುತ್ತಿದ್ದರು, ಮೆಸ್ಕ್ಲನ್ ಹುಟ್ಟಿದ್ದೇ ಹಾಗೆ ಅಂತ ನೀಸ್ ಜನ ಹೇಳುತ್ತಾರೆ. ಇಟಲಿಯ ಮಧ್ಯಭಾಗದಲ್ಲೂ 'ಮಿಸ್ಟಿಕಾಂಜಾ' ಅನ್ನುವ ಬೆರಕೆ ಸೊಪ್ಪಿದೆ. ಅದರ ಬಗ್ಗೆಯೂ ಸನ್ಯಾಸಿಗಳ ಇಂಥದ್ದೇ ಕತೆ ಇದೆ. ಹಾಗಾಗಿ ಇದನ್ನು ಕತೆಯಾಗಿ ಕೇಳಿ ಖುಷಿಪಡಬಹುದು, ಚರಿತ್ರೆ ಅಂತ ಹಿಡಿದುಕೊಳ್ಳಬಾರದು. ಇಟಲಿಯ ನೆರಳು ಇರುವುದೇನೋ ಸಹಜ. ನೀಸ್ ಫ್ರಾನ್ಸಿಗೆ ಕಾಯಂ ಆಗಿ ಸೇರಿದ್ದೇ 1860ರಲ್ಲಿ. ಅದಕ್ಕೆ ಮುಂಚೆ ಬಹುಕಾಲ ಅದು ಇಟಲಿ ಕಡೆಯ ಸವಾಯ್ ದೊರೆಗಳ ಕೈಯಲ್ಲಿತ್ತು. ಅಡುಗೆಮನೆಗೆ ಗಡಿ ಅನ್ನುವುದು ಇರಲೇ ಇಲ್ಲ.

ಸನ್ಯಾಸಿಗಳ ಮಾತು ಬಿಟ್ಟರೂ ಒಂದು ಸಂಗತಿ ಎದ್ದು ಕಾಣುತ್ತದೆ. ನೀಸ್ ಸುತ್ತಲಿನ ಪ್ರೊವಾನ್ಸ್ ಸೀಮೆಯ ಬಡವರು ಚಳಿಗಾಲ ಕಳೆದ ಕೂಡಲೇ ಹೊಲದ ಬದುಗಳಲ್ಲಿ ಕಾಡುಚಿಕೋರಿ, ಹಳದಿ ಹೂವಿನ ಕಳೆಯಾದ ದಂಡೇಲಿಯನ್, ರಾಕೆಟ್ ಸೊಪ್ಪು ಕಿತ್ತು ತರುತ್ತಿದ್ದರು. ದುಡ್ಡು ಕೊಡಬೇಕಿರಲಿಲ್ಲ, ಬಗ್ಗಿ ಕೀಳುವ ಸೊಂಟ ಇದ್ದರೆ ಸಾಕಿತ್ತು. ತೋಟದ ಮೆಸ್ಕ್ಲನ್ ಆ ಬದುವಿನ ಸೊಪ್ಪಿನದೇ ಮುಂದುವರಿಕೆ.

ಹಳೆಯ ಕಟ್ಟುಪಾಡಿನಲ್ಲಿ ಮೆಸ್ಕ್ಲನ್ ಅಂದರೆ ನಾಲ್ಕು ಸೊಪ್ಪು, ಸಮಪಾಲು: ಲೆಟ್ಯೂಸ್, ರಾಕೆಟ್, ಎಂಡೈವ್, ಚರ್ವಿಲ್. ಅದರ ಮೇಲೆ ಮನೆಮನೆಗೆ ಒಂದೊಂದು ಪಾಠ. ದಂಡೇಲಿಯನ್ ಹಾಕುವವರಿದ್ದಾರೆ, ಗೋಣಿ ಸೊಪ್ಪು ಹಾಕುವವರಿದ್ದಾರೆ. ಹೌದು, ನಮ್ಮ ಹೊಲದ ಗೋಣಿ ಸೊಪ್ಪೇ!

ನನ್ನ ತಂಗಿ ಕೆಲಸದ ಮೇಲೆ ನೀಸ್ ಹತ್ತಿರ ಕೆಲವು ವರ್ಷ ಇದ್ದಳು. ಅವಳ ಮನೆಗೆ ಹೋದಾಗ ಕೂರ್ ಸಲೇಯಾ ಸಂತೆಗೆ ಕರೆದುಕೊಂಡು ಹೋದಳು. ಹಳೆಯ ಊರಿನ ಮಧ್ಯೆ, ಪಟ್ಟೆಪಟ್ಟೆ ಬಟ್ಟೆಯ ಚಪ್ಪರದ ಕೆಳಗೆ ಹೂವು, ತರಕಾರಿ. ಸೋಮವಾರ ಮಾತ್ರ ತರಕಾರಿ ಇರುವುದಿಲ್ಲ, ಅವತ್ತು ಹಳೆಯ ಸಾಮಾನಿನ ಸಂತೆ. ಮೂಲೆಯಲ್ಲಿ ಕೂತಿದ್ದ ಒಬ್ಬ ಅಜ್ಜಿಯ ಮರದ ಪೆಟ್ಟಿಗೆಯಲ್ಲಿ ಬೆರಳುದ್ದದ ಎಲೆಗಳು ರಾಶಿ ಬಿದ್ದಿದ್ದವು. ನಾನು ಬೆಲೆ ಕೇಳುವ ಮೊದಲೇ ಅಜ್ಜಿ ನಾಲ್ಕು ಬೇರೆ ಬೇರೆ ಎಲೆ ಆರಿಸಿ, ಒಂದರ ಮೇಲೊಂದು ಇಟ್ಟು, ವೀಳ್ಯ ಮಡಿಚುವಂತೆ ಮಡಿಚಿ ಕೈಗೆ ಕೊಟ್ಟರು. ಬಾಯಿಗೆ ಹಾಕಿದೆ. ಮೊದಲು ಮೆತ್ತಗೆ, ನೀರುನೀರು. ಆಮೇಲೆ ಸಾಸಿವೆಯ ಘಾಟು ಮೂಗಿಗೆ ಏರಿತು. ಅದು ಇಳಿಯುವಾಗ ಸೋಂಪಿನ ಪರಿಮಳ. ಕೊನೆಗೆ ನಾಲಿಗೆಯ ಹಿಂದೆ ಸಣ್ಣ ಕಹಿ ಉಳಿಯಿತು. ಎಣ್ಣೆ ಇಲ್ಲ, ಉಪ್ಪಿಲ್ಲ, ಬರೀ ಸೊಪ್ಪು. ಮೆಸ್ಕ್ಲನ್ ಅಂದರೆ ಏನು ಅಂತ ನನಗೆ ತಿಳಿದದ್ದು ಆಗ.

ಅಮೆರಿಕಕ್ಕೆ ಇದು ಹೋದದ್ದರಲ್ಲಿ ಆಲಿಸ್ ವಾಟರ್ಸ್ ಅವರ ಪಾಲು ದೊಡ್ಡದು. 1971ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 'ಶೇ ಪನೀಸ್' ಹೋಟೆಲ್ ತೆರೆದವರು ಅವರು. ಫ್ರಾನ್ಸಿನಿಂದ ಬೀಜ ತಂದು ಮನೆಯ ಹಿತ್ತಲಲ್ಲೇ ಬೆಳೆದು ಗಿರಾಕಿಗಳಿಗೆ ಬಡಿಸಿದರು. ಆಮೇಲೆ 1984ರಲ್ಲಿ ಕಾರ್ಮೆಲ್ ಕಣಿವೆಯಲ್ಲಿ ಶುರುವಾದ ಅರ್ಥ್‌ಬೌಂಡ್ ಫಾರ್ಮ್ 1986ರಲ್ಲಿ ಎಳೆ ಸೊಪ್ಪನ್ನು ತೊಳೆದು, ಪೊಟ್ಟಣ ಕಟ್ಟಿ ಅಂಗಡಿಗೆ ಕಳಿಸತೊಡಗಿತು. ಅಲ್ಲಿಂದ ಇದು ಜಗತ್ತಿನ ಎಲ್ಲಾ ಕಡೆ ಹರಡಿತು. ಹರಡುವಾಗ ಚರ್ವಿಲ್ ಕೈಬಿಟ್ಟು ಹೋಯಿತು, ಅದು ಪೊಟ್ಟಣದಲ್ಲಿ ಬೇಗ ಬಾಡುತ್ತದೆ. ಕಹಿಯೂ ಕಡಿಮೆಯಾಯಿತು. ಅದರ ಜಾಗಕ್ಕೆ ಎಳೆ ಪಾಲಕ್, ಕೆಂಪು ದಂಟಿನ ಚಾರ್ಡ್, ಜಪಾನಿನ ಮಿಜುನಾ ಬಂದವು. ಇವೂ ಒಳ್ಳೆಯ ಸೊಪ್ಪುಗಳೇ. ಆದರೆ ನೀಸ್ ಅಜ್ಜಿ ಮಡಿಚಿ ಕೊಟ್ಟ ಎಲೆಯಲ್ಲಿದ್ದ ರುಚಿ ಅದಲ್ಲ.

ನಾಲ್ಕು ರುಚಿ, ಒಂದೊಂದಕ್ಕೂ ಎಲೆ

ಬೀಜ ಕೊಳ್ಳುವ ಮೊದಲು ಇದನ್ನು ಮನಸ್ಸಿಗೆ ತಂದುಕೊಳ್ಳಿ. ಮಿಕ್ಕಿದ್ದೆಲ್ಲ ಇದರ ಮೇಲೆ ನಿಂತಿದೆ.

ಮೆದುವಿಗೆ ಲೆಟ್ಯೂಸ್. ಗಡ್ಡೆ ಕಟ್ಟುವ ಜಾತಿ ಬೇಡ, ಬಿಡಿ ಎಲೆಯ ಜಾತಿ ತೆಗೆದುಕೊಳ್ಳಿ. ಓಕ್ ಎಲೆಯಂತೆ ಸೀಳಿರುವುದು ಒಂದು, ಕೆಂಪು ಅಂಚಿನದು ಒಂದು ಇದ್ದರೆ ಸಾಕು. ಎಲೆ ಮುರಿದರೆ ಹಾಲು ಒಸರುತ್ತದೆ, ಅದರ ಲ್ಯಾಟಿನ್ ಹೆಸರು 'ಲ್ಯಾಕ್ಟುಕಾ' ಬಂದದ್ದೂ ಹಾಲಿನಿಂದಲೇ. ಆ ಹಾಲಿನಲ್ಲಿ ಕಹಿ ಇರುತ್ತದೆ. ಎಳೆಯದರಲ್ಲಿ ಕಡಿಮೆ, ಬಿಸಿಲು ಜಾಸ್ತಿಯಾಗಿ ಗಿಡ ಹೂದಂಡು ಎತ್ತಿದಾಗ ತುಂಬಾ ಜಾಸ್ತಿ.

ಖಾರಕ್ಕೆ ರಾಕೆಟ್. ಅರುಗುಲಾ ಅಂತಲೂ ಕರೆಯುತ್ತಾರೆ. ಇದು ಸಾಸಿವೆಯ ಬಳಗ. ರಾಜಸ್ಥಾನ, ಪಂಜಾಬ್ ಕಡೆ ಎಣ್ಣೆಗಾಗಿ ಬೆಳೆಯುವ ತಾರಾಮೀರಾ ಇದೇ ಗಿಡ. ಸುಮ್ನೆ ಮುಟ್ಟಿದರೆ ಘಾಟು ಬರುವುದಿಲ್ಲ. ಎಲೆ ಹರಿದಾಗ, ಜಗಿದಾಗ ಒಳಗಿನ ಎರಡು ವಸ್ತುಗಳು ಸೇರಿ ಘಾಟು ಹುಟ್ಟುತ್ತದೆ. ಸಾಸಿವೆ ಅರೆದಾಗ ಆಗುವುದೂ ಅದೇ. ಅದಕ್ಕೇ ರಾಕೆಟ್ಟನ್ನು ಮುಂಚೆಯೇ ಹೆಚ್ಚಿಡಬಾರದು.

ಕಹಿಗೆ ಎಂಡೈವ್. ಸುರುಳಿ ಸುರುಳಿ ಎಲೆಯದ್ದನ್ನು ಫ್ರಿಜೆ ಅನ್ನುತ್ತಾರೆ. ಇದು ಚಿಕೋರಿಯ ಒಡಹುಟ್ಟು. ನಮ್ಮ ಫಿಲ್ಟರ್ ಕಾಫಿಯ ಪುಡಿಗೆ ಬೆರೆಸುತ್ತಾರಲ್ಲ, ಅದೇ ಚಿಕೋರಿ. ಕಾಫಿಗೆ ಬೇರು ಹುರಿದು ಹಾಕುತ್ತಾರೆ, ಇಲ್ಲಿ ಎಲೆ ತಿನ್ನುತ್ತಾರೆ. ಎಂಡೈವ್ ಬೀಜ ಸಿಗದಿದ್ದರೆ ಚಿಕೋರಿ ಬೀಜ ಬಿತ್ತಿ. ವಿಜಯಪುರ, ಬಾಗಲಕೋಟೆ ಕಡೆಯವರು ಹಕ್ಕರಕಿ ಸೊಪ್ಪನ್ನು ರೊಟ್ಟಿ ಜೊತೆ ಹಸಿಯಾಗಿ ತಿನ್ನುತ್ತಾರೆ. ಹಕ್ಕರಕಿ, ಲೆಟ್ಯೂಸ್, ದಂಡೇಲಿಯನ್, ಎಂಡೈವ್ ಎಲ್ಲವೂ ಒಂದೇ ಬಳಗ. ಎಳೆ ಹಕ್ಕರಕಿ ಸಿಕ್ಕರೆ ಕಹಿಯ ಪಾಲಿಗೆ ಅದನ್ನೇ ಹಾಕಿ, ಏನೂ ಕಮ್ಮಿಯಾಗುವುದಿಲ್ಲ.

ಪರಿಮಳಕ್ಕೆ ಚರ್ವಿಲ್. ಕೊತ್ತಂಬರಿಗಿಂತ ನಯವಾದ ಎಲೆ, ಸೋಂಪಿನ ನವಿರು ವಾಸನೆ. ಬೀಜ ಸಿಗುವುದು ಸ್ವಲ್ಪ ಕಷ್ಟ, ಸೆಕೆಯನ್ನಂತೂ ತಡೆಯುವುದೇ ಇಲ್ಲ. ಸಿಗದಿದ್ದರೆ ಅಡುಗೆಮನೆಯ ದಪ್ಪ ಸೋಂಪನ್ನೇ ಕುಂಡದಲ್ಲಿ ಬಿತ್ತಿ, ಬರುವ ನೂಲಿನಂಥ ಎಲೆ ಬಳಸಿ. ಒಂದು ಎಸಳು ಎಳೆ ಸಬ್ಬಸಿಗೆಯೂ ಆಗುತ್ತದೆ. ಕೊತ್ತಂಬರಿ ಬೇಡ. ಅದು ಬಂದರೆ ಮಿಕ್ಕ ಮೂರೂ ಮುಚ್ಚಿಹೋಗುತ್ತವೆ.

ಇನ್ನು ಗೋಣಿ ಸೊಪ್ಪು. ದಪ್ಪ ಎಲೆ, ಸಣ್ಣ ಹುಳಿ. ಹೊಲದಿಂದ ಕೀಳುವಾಗ ಒಂದು ಎಚ್ಚರ ಬೇಕು. ಅದರ ಪಕ್ಕದಲ್ಲೇ ನೆಲಕ್ಕೆ ಹರಡಿ ಬೆಳೆಯುವ, ಮುರಿದರೆ ಬಿಳಿ ಹಾಲು ಬರುವ ಹಚ್ಚೆ ಗಿಡದ ಜಾತಿಯ ಕಳೆ ಇರುತ್ತದೆ. ಅದು ತಿನ್ನುವುದಲ್ಲ. ಗೋಣಿ ಸೊಪ್ಪಿನ ಕಾಂಡ ಮುರಿದರೆ ನೀರು ಬರುತ್ತದೆ, ಹಾಲು ಬರುವುದಿಲ್ಲ. ಪ್ರತಿ ಸಲ ಮುರಿದು ನೋಡಿ.

ಯಾವಾಗ ಬಿತ್ತಬೇಕು

ಮೊದಲ ವರ್ಷ ನಾನು ಏಪ್ರಿಲ್‌ನಲ್ಲಿ ಬಿತ್ತಿದ್ದೆ. ರಾಕೆಟ್ ಮೂರೇ ದಿನಕ್ಕೆ ಎದ್ದಿತು. ಲೆಟ್ಯೂಸ್ ಒಂದು ಬೀಜವೂ ಮೊಳೆಯಲಿಲ್ಲ. ಬೀಜ ಹಳೆಯದು ಅಂದುಕೊಂಡು ಹೊಸದು ತಂದೆ. ಅದೂ ಹಾಗೆಯೇ. ಆಮೇಲೆ ತಿಳಿಯಿತು, ಮಣ್ಣಿನ ಬಿಸಿ 27, 28 ಡಿಗ್ರಿ ದಾಟಿದರೆ ಲೆಟ್ಯೂಸ್ ಬೀಜ ಮಲಗಿಬಿಡುತ್ತದೆ. ಸತ್ತಿರುವುದಿಲ್ಲ, ತಂಪಾಗಲಿ ಅಂತ ಕಾಯುತ್ತಿರುತ್ತದೆ. 15ರಿಂದ 22 ಡಿಗ್ರಿ ಅದಕ್ಕೆ ಹಿತ.

ಹಾಗಾಗಿ ಬೆಂಗಳೂರು, ಮೈಸೂರು, ಹಾಸನ, ಮಲೆನಾಡಿನಲ್ಲಿ ಅಕ್ಟೋಬರ್ ಮಧ್ಯದಿಂದ ಫೆಬ್ರವರಿವರೆಗೆ ಬಿತ್ತಿ. ಉತ್ತರ ಕರ್ನಾಟಕದಲ್ಲಿ ನವೆಂಬರ್‌ನಿಂದ ಜನವರಿ. ಕರಾವಳಿಯವರು ಡಿಸೆಂಬರ್, ಜನವರಿಯಲ್ಲಿ ನೆರಳಿನಲ್ಲಿ ರಾಕೆಟ್ ಮತ್ತು ಚಿಕೋರಿ ಹಾಕಿ ನೋಡಬಹುದು, ಚರ್ವಿಲ್ ಆಸೆ ಬಿಡುವುದೇ ಒಳ್ಳೆಯದು. ಯೂರೋಪ್, ಅಮೆರಿಕದ ಚಳಿ ಸೀಮೆಯಲ್ಲಿರುವವರಿಗೆ ಮಾರ್ಚ್‌ನಿಂದ ಮೇ, ಮತ್ತೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಸರಿಯಾದ ಕಾಲ.

ಸ್ವಲ್ಪ ಸೆಕೆ ಇದ್ದಾಗಲೂ ಬಿತ್ತಲೇಬೇಕು ಅಂದರೆ ಒಂದು ಉಪಾಯವಿದೆ. ಲೆಟ್ಯೂಸ್ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ರಾತ್ರಿ ಫ್ರಿಜ್‌ನಲ್ಲಿಡಿ. ಮರುದಿನ ಸಂಜೆ ಬಿತ್ತಿ, ಕುಂಡವನ್ನು ಮನೆಯ ತಂಪಾದ ಮೂಲೆಗೆ ತನ್ನಿ. ಮೊಳಕೆ ಕಂಡ ಕೂಡಲೇ ಬೆಳಕಿಗೆ ಒಯ್ಯಿರಿ.

ಕುಂಡ, ಮಣ್ಣು, ಬಿತ್ತನೆ

ಎರಡಡಿ ಉದ್ದ, ಒಂದಡಿ ಅಗಲದ ಕುಂಡ ನಾಲ್ಕು ಇರಲಿ. ಆಳ 15 ಸೆಂಟಿಮೀಟರ್ ಸಾಕು, ಎಳೆಯದರಲ್ಲೇ ಕೊಯ್ಯುವುದರಿಂದ ಬೇರು ಆಳಕ್ಕೆ ಹೋಗುವಷ್ಟು ಸಮಯ ಇರುವುದಿಲ್ಲ. ತಳದಲ್ಲಿ ತೂತು ಇರಲೇಬೇಕು. ಕೆಂಪು ಮಣ್ಣು ಎರಡು ಪಾಲು, ಎರೆಹುಳು ಗೊಬ್ಬರ ಒಂದು ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು. ಒಂದು ಹಿಡಿ ಬೇವಿನ ಹಿಂಡಿ. ಹಸಿ ಸಗಣಿ, ಸಗಣಿ ನೀರು, ಅರೆಬರೆ ಕೊಳೆತ ಗೊಬ್ಬರ ಯಾವುದೂ ಬೇಡ. ಬೇಯಿಸಿ ತಿನ್ನುವ ಸೊಪ್ಪಿಗೆ ನಡೆಯುವುದು ಹಸಿಯಾಗಿ ತಿನ್ನುವ ಸೊಪ್ಪಿಗೆ ನಡೆಯುವುದಿಲ್ಲ.

ಅಂಗಡಿಯಲ್ಲಿ 'ಮೆಸ್ಕ್ಲನ್ ಮಿಕ್ಸ್' ಅಂತ ಎಲ್ಲಾ ಬೀಜ ಬೆರೆಸಿದ ಪೊಟ್ಟಣ ಸಿಗುತ್ತದೆ. ಹಾಗೆ ಬೆರೆಸಿ ಎರಚುವ ಪದ್ಧತಿ ನಿಜವಾಗಿಯೂ ಇದೆ. ಒಮ್ಮೆ ನಾನೂ ಹಾಕಿದೆ. ಸಾಸಿವೆ ಬಳಗದ ಸೊಪ್ಪೆಲ್ಲ ಸರಸರ ಎದ್ದು ಲೆಟ್ಯೂಸನ್ನು ನೆರಳಿಗೆ ತಳ್ಳಿದವು, ಚರ್ವಿಲ್ ಕಣ್ಣಿಗೇ ಬೀಳಲಿಲ್ಲ. ಹೊಸಬರು ಒಂದೊಂದು ಕುಂಡಕ್ಕೆ ಒಂದೊಂದು ಸೊಪ್ಪು ಬಿತ್ತುವುದೇ ಸರಿ. ಬೆರೆಸುವ ಕೆಲಸ ಬೋಗುಣಿಯಲ್ಲಿ ಆಗಲಿ.

ಒಂದೊಂದರ ನಡಿಗೆ ಬೇರೆ. ಚರ್ವಿಲ್ ಮೊಳೆಯಲಿಕ್ಕೇ ಎರಡು ವಾರ ತೆಗೆದುಕೊಳ್ಳಬಹುದು, ಕೊಯ್ಲಿಗೆ 40 ದಿನವಾದರೂ ಬೇಕು. ಎಂಡೈವ್ 35ರಿಂದ 40 ದಿನ. ಲೆಟ್ಯೂಸ್ 30. ರಾಕೆಟ್ 22ರಿಂದ 25 ದಿನಕ್ಕೆ ಸಿದ್ಧ. ಎಲ್ಲಾ ಒಂದೇ ದಿನ ಬಿತ್ತಿದರೆ ರಾಕೆಟ್ ಬಲಿತು ಹೂ ಬಿಡುವ ಹೊತ್ತಿಗೆ ಚರ್ವಿಲ್ ಇನ್ನೂ ಕೂಸು. ಆದ್ದರಿಂದ ಹಿಂದಿನಿಂದ ಲೆಕ್ಕ ಹಾಕಿ. ಮೊದಲ ದಿನ ಚರ್ವಿಲ್ (ಅಥವಾ ಸೋಂಪು) ಮತ್ತು ಎಂಡೈವ್. ಹತ್ತನೇ ದಿನ ಲೆಟ್ಯೂಸ್. ಹದಿನೈದು, ಹದಿನಾರನೇ ದಿನ ರಾಕೆಟ್. 40ನೇ ದಿನದ ಹೊತ್ತಿಗೆ ನಾಲ್ಕೂ ಒಟ್ಟಿಗೆ ಕತ್ತರಿಗೆ ಬರುತ್ತವೆ.

ಮಣ್ಣನ್ನು ಮೊದಲು ಚೆನ್ನಾಗಿ ನೆನೆಸಿ. ನಾಲ್ಕು ಬೆರಳಿಗೊಂದು ಗೀರು ಎಳೆಯಿರಿ. ಗೀರಿನ ಆಳ ಅರ್ಧ ಸೆಂಟಿಮೀಟರ್ ಮೀರಬಾರದು. ಅದರಲ್ಲಿ ರಂಗೋಲಿ ಪುಡಿ ಬಿಟ್ಟಂತೆ ಎರಡು ಬೆರಳಿನಿಂದ ಬೀಜ ಬಿಡಿ, ಬೀಜದಿಂದ ಬೀಜಕ್ಕೆ ಒಂದು ಉಗುರಿನಷ್ಟು ಜಾಗ. ಒಂದು ಕುಂಡಕ್ಕೆ ಒಂದು ಚಿಟಿಕೆ ಲೆಟ್ಯೂಸ್ ಬೀಜ ಧಾರಾಳವಾಯಿತು. ಮೇಲೆ ಜರಡಿ ಹಿಡಿದ ಕೋಕೋಪೀಟ್ ತೆಳ್ಳಗೆ ಉದುರಿಸಿ. ಲೆಟ್ಯೂಸ್ ಬೀಜ ಮೊಳೆಯಲು ಬೆಳಕೂ ಬೇಕು. ಆಳಕ್ಕೆ ಹೂತರೆ ಬರುವುದಿಲ್ಲ. ಚರ್ವಿಲನ್ನು ನೇರವಾಗಿ ಅದರ ಜಾಗದಲ್ಲೇ ಬಿತ್ತಬೇಕು, ಸಸಿ ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ.

ಮೊಳೆಯುವವರೆಗೆ ದಿನಕ್ಕೆ ಎರಡು ಸಲ ಸ್ಪ್ರೇ ಬಾಟಲಿಯಲ್ಲಿ ನೀರು. ಮೊಳೆತ ಮೇಲೆ ಬೆಳಿಗ್ಗೆ ಒಂದೇ ಸಲ, ಅದೂ ಬುಡಕ್ಕೆ. ಸಂಜೆ ಎಲೆ ಒದ್ದೆಯಾಗಿ ಉಳಿದರೆ ಎಳೆ ಸಸಿ ಬುಡ ಕೊಳೆತು ಸಾಲುಸಾಲಾಗಿ ಮಲಗುತ್ತವೆ. ನಾಲ್ಕೈದು ಗಂಟೆ ಎಳೆಬಿಸಿಲು ಸಾಕು. ಮಧ್ಯಾಹ್ನದ ಬಿಸಿಲಿಗೆ ಹಸಿರು ನೆರಳುಬಲೆ ಅಥವಾ ಹಳೆಯ ಕಾಟನ್ ಸೀರೆ ಕಟ್ಟಿ.

ತೊಂದರೆ ಕೊಡುವುದು ಮುಖ್ಯವಾಗಿ ಒಂದು ಹುಳ. ರಾಕೆಟ್ ಎಲೆಯಲ್ಲಿ ಗುಂಡುಸೂಜಿ ಚುಚ್ಚಿದಂತೆ ತೂತು ಕಂಡರೆ, ಚಿಗಟದ ಹಾಗೆ ಹಾರುವ ಪುಟ್ಟ ಕಪ್ಪು ಜೀರುಂಡೆ ಬಂದಿದೆ ಅಂತ ಅರ್ಥ. ಬಿತ್ತಿದ ದಿನವೇ ಕುಂಡದ ಮೇಲೆ ಸೊಳ್ಳೆಪರದೆಯ ಬಟ್ಟೆ ಹೊದಿಸಿದರೆ ಬರುವುದಿಲ್ಲ. ತೂತು ಬಿದ್ದ ಎಲೆಯನ್ನು ತಿನ್ನಬಹುದು, ಏನೂ ಆಗುವುದಿಲ್ಲ. ಬಸವನಹುಳುವನ್ನು ರಾತ್ರಿ ಟಾರ್ಚ್ ಹಿಡಿದು ಆರಿಸಿ. ಔಷಧಿ ಮಾತ್ರ ಹೊಡೆಯಬೇಡಿ.

ಕೊಯ್ಲು

ಬೆಳಿಗ್ಗೆ ಆರು, ಆರೂವರೆ. ಬಿಸಿಲು ತಾಗುವ ಮುಂಚೆ. ರಾತ್ರಿಯ ತಂಪಿನಲ್ಲಿ ಎಲೆ ನೀರು ತುಂಬಿಕೊಂಡು ಬಿಗಿಯಾಗಿರುತ್ತದೆ, ಬೆರಳಲ್ಲಿ ಮಡಿಚಿದರೆ ಟಕ್ ಅಂತ ಮುರಿಯುತ್ತದೆ. ಹತ್ತು ಗಂಟೆಗೆ ಅದೇ ಎಲೆ ಸೋತಿರುತ್ತದೆ.

ಎಲೆ ಏಳರಿಂದ ಹತ್ತು ಸೆಂಟಿಮೀಟರ್ ಇರುವಾಗ ಕೊಯ್ಯಬೇಕು. ಎಡಗೈಯಲ್ಲಿ ಒಂದು ಹಿಡಿ ಸೊಪ್ಪನ್ನು ಜುಟ್ಟು ಹಿಡಿದಂತೆ ಮೆತ್ತಗೆ ಹಿಡಿಯಿರಿ. ಮಣ್ಣಿನಿಂದ ಎರಡು ಬೆರಳು ಮೇಲಕ್ಕೆ ಚೂಪು ಕತ್ತರಿಯಿಂದ ಒಂದೇ ಸಲ ಕತ್ತರಿಸಿ. ಗಿಡದ ನಡುವಿನ ಪುಟ್ಟ ಸುಳಿ ಉಳಿಯಬೇಕು, ಮತ್ತೆ ಚಿಗುರುವುದು ಅಲ್ಲಿಂದಲೇ. ಕತ್ತರಿಸಿದ ಲೆಟ್ಯೂಸ್ ಬುಡದಲ್ಲಿ ಬಿಳಿ ಹಾಲು ಮುತ್ತಿನಂತೆ ನಿಲ್ಲುತ್ತದೆ. ಕತ್ತರಿಗೂ ಅಂಟುತ್ತದೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಒದ್ದೆ ಬಟ್ಟೆಯಲ್ಲಿ ಆಗಾಗ ಒರೆಸಿಕೊಳ್ಳಿ. ಮೊಂಡು ಕತ್ತರಿ ಎಲೆಯನ್ನು ಜಜ್ಜುತ್ತದೆ, ಜಜ್ಜಿದ್ದು ಸಂಜೆಗೆ ಕಪ್ಪಾಗುತ್ತದೆ.

ಎರಡು ಮೂರು ವಾರಕ್ಕೆ ಮತ್ತೆ ಕೊಯ್ಲು. ಮೂರನೆಯ ಸಲಕ್ಕೆ ಎಲೆ ಒರಟಾಗಿ ಕಹಿ ಏರಿರುತ್ತದೆ. ಅದನ್ನು ಹಸಿ ತಿನ್ನಬೇಕು ಅಂತ ಹಟ ಬೇಡ, ಬೇರೆ ಸೊಪ್ಪಿನ ಜೊತೆ ಮಸ್ಸೊಪ್ಪಿಗೆ ಹಾಕಿ. ಎರಡು ಮೂರು ವಾರಕ್ಕೊಮ್ಮೆ ಹೊಸದು ಬಿತ್ತುತ್ತಿದ್ದರೆ ಚಳಿಗಾಲ ಪೂರ್ತಿ ಸೊಪ್ಪಿಗೆ ಬರವಿರುವುದಿಲ್ಲ.

ತೊಳೆಯುವುದು, ಒಣಗಿಸುವುದು

ಬಹಳ ಜನ ಅವಸರ ಮಾಡುವುದು ಇಲ್ಲೇ. ಆದರೆ ಹಸಿ ಸೊಪ್ಪಿನ ಅರ್ಧ ಯಶಸ್ಸು ಇಲ್ಲಿದೆ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ದೊಡ್ಡ ಪಾತ್ರೆಯಲ್ಲಿ ತಣ್ಣೀರು ತುಂಬಿ. ಸೊಪ್ಪು ಹಾಕಿ ಕೈಯಿಂದ ಮೆಲ್ಲಗೆ ಆಡಿಸಿ, ಎರಡು ನಿಮಿಷ ಬಿಡಿ. ಸೊಪ್ಪು ತೇಲುತ್ತದೆ, ಮಣ್ಣು ತಳಕ್ಕಿಳಿಯುತ್ತದೆ. ಈಗ ಸೊಪ್ಪನ್ನು ಎರಡೂ ಕೈಯಿಂದ ಮೇಲೆತ್ತಿ ಬೇರೆ ಪಾತ್ರೆಗೆ ಹಾಕಿ. ಪಾತ್ರೆ ಬಗ್ಗಿಸಿ ಜರಡಿಗೆ ಸುರಿದರೆ ತಳದ ಮಣ್ಣೆಲ್ಲ ಮತ್ತೆ ಸೊಪ್ಪಿನ ಮೇಲೆ ಬೀಳುತ್ತದೆ, ಅಲ್ವಾ? ಹೀಗೆ ಮೂರು ನೀರು. ಉಪ್ಪುನೀರಿನಲ್ಲಿ ನೆನೆಹಾಕಬೇಡಿ, ಎಲೆ ಸೋರಿ ಮೆತ್ತಗಾಗುತ್ತದೆ. ಕೊನೆಯ ನೀರು ಕುಡಿಯುವ ನೀರೇ ಆಗಿರಲಿ. ನೀವು ಬೇಯಿಸುತ್ತಿಲ್ಲ ಅನ್ನುವುದು ನೆನಪಿರಲಿ. ಅಂಗಡಿಯ 'ತೊಳೆದ' ಸೊಪ್ಪನ್ನೂ ನಾನು ಮತ್ತೆ ತೊಳೆಯುತ್ತೇನೆ. ಆದರೆ ತೊಳೆದ ಮಾತ್ರಕ್ಕೆ ಎಲ್ಲವೂ ಹೋಗುವುದಿಲ್ಲ. 2006ರಲ್ಲಿ ಅಮೆರಿಕದಲ್ಲಿ ಪೊಟ್ಟಣದ ಎಳೆ ಪಾಲಕ್‌ನಿಂದ ಇ-ಕೋಲಿ ಬ್ಯಾಕ್ಟೀರಿಯಾ ಸೋಂಕು ಹಲವು ರಾಜ್ಯಗಳಿಗೆ ಹರಡಿ ಸಾವುಗಳೂ ಆದವು. ಮನೆಯಲ್ಲಿ ಬಸುರಿಯರು, ಬಹಳ ವಯಸ್ಸಾದವರು ಇದ್ದರೆ ಎಲ್ಲಿ, ಯಾವ ನೀರಲ್ಲಿ ಬೆಳೆದದ್ದು ಅಂತ ಗೊತ್ತಿಲ್ಲದ ಸೊಪ್ಪನ್ನು ಅವರಿಗೆ ಹಸಿಯಾಗಿ ಕೊಡಬೇಡಿ.

ಆಮೇಲೆ ಒಣಗಿಸುವುದು. ಎಲೆಯ ಮೇಲೆ ನೀರು ಉಳಿದರೆ ಎಣ್ಣೆ ಅಂಟುವುದಿಲ್ಲ, ಜಾರಿ ಬೋಗುಣಿಯ ತಳ ಸೇರುತ್ತದೆ. ಫ್ರಾನ್ಸಿನ ಹಳ್ಳಿಗಳಲ್ಲಿ ತಂತಿಯ ಬುಟ್ಟಿಗೆ ಸೊಪ್ಪು ತುಂಬಿ, ಅಂಗಳಕ್ಕೆ ಬಂದು ಗಿರಗಿರ ಬೀಸುತ್ತಿದ್ದರು. ಈಗ ತಿರುಗಿಸುವ ಪ್ಲಾಸ್ಟಿಕ್ ಬುಟ್ಟಿ ಬಂದಿದೆ. ಕೊಳ್ಳಲೇಬೇಕು ಅಂತಿಲ್ಲ. ಒಗೆದ ತೆಳು ಪಂಚೆಯ ನಡುವೆ ಸೊಪ್ಪು ಹಾಕಿ, ನಾಲ್ಕು ತುದಿ ಸೇರಿಸಿ ಗಂಟು ಹಿಡಿದು ತಾರಸಿಯಲ್ಲಿ ಹತ್ತು ಸಲ ಜೋರಾಗಿ ಬೀಸಿ. ನೀರು ತುಂತುರಾಗಿ ಹಾರುತ್ತದೆ. ಬಿಚ್ಚಿ ನೋಡಿದರೆ ಎಲೆ ಒಣಗಿ ಹಗುರಾಗಿರುತ್ತದೆ.

ತಕ್ಷಣ ಬೇಡವಾದರೆ ಒಣ ಬಟ್ಟೆ ಹಾಸಿದ ಡಬ್ಬಿಯಲ್ಲಿ ಸಡಿಲವಾಗಿ ಹರಡಿ ಫ್ರಿಜ್‌ನಲ್ಲಿಡಿ. ನಾಲ್ಕು ದಿನಕ್ಕೆ ಮೋಸವಿಲ್ಲ. ಸೇಬು, ಮಾಗಿದ ಹಣ್ಣುಗಳ ಪಕ್ಕ ಇಡಬೇಡಿ. ಹಣ್ಣು ಬಿಡುವ ಗಾಳಿಗೆ ಲೆಟ್ಯೂಸ್ ಎಲೆಯಲ್ಲಿ ಕಂದು ಚುಕ್ಕೆ ಏಳುತ್ತದೆ.

ಬೆರೆಸುವ ಅಳತೆ

ನೀಸ್‌ನ ಹಳೆಯ ಸಮಪಾಲು ಮೊದಲ ಸಲಕ್ಕೆ ಬಹಳ ಜನರಿಗೆ ಜೋರಾಗುತ್ತದೆ. ನೂರು ಗ್ರಾಂ ಸೊಪ್ಪು ಮೂರು ನಾಲ್ಕು ಜನಕ್ಕೆ ಸಾಕು. ಅದರಲ್ಲಿ 50 ಗ್ರಾಂ ಲೆಟ್ಯೂಸ್, 20 ಗ್ರಾಂ ರಾಕೆಟ್, 20 ಗ್ರಾಂ ಎಂಡೈವ್ ಅಥವಾ ಹಕ್ಕರಕಿ, 10 ಗ್ರಾಂ ಚರ್ವಿಲ್ ಅಥವಾ ಸೋಂಪಿನ ಎಲೆ ಹಾಕಿ ಶುರುಮಾಡಿ. ಗೋಣಿ ಸೊಪ್ಪಿದ್ದರೆ ನಾಲ್ಕಾರು ಕುಡಿ. ಬೆರೆಸುವ ಮೊದಲು ಅಜ್ಜಿ ಮಾಡಿದಂತೆ ನಾಲ್ಕು ಎಲೆ ಮಡಿಚಿ ಬಾಯಿಗೆ ಹಾಕಿಕೊಳ್ಳಿ. ಅವತ್ತಿನ ರಾಕೆಟ್ ಎಷ್ಟು ಖಾರ, ಎಂಡೈವ್ ಎಷ್ಟು ಕಹಿ ಅನ್ನುವುದು ಬಿಸಿಲಿನ ಮೇಲೆ ಹೋಗುತ್ತದೆ. ತಕ್ಕಡಿಗಿಂತ ನಾಲಿಗೆ ನಂಬಿ. ನಾಲ್ಕು ಸಲ ತಿಂದ ಮೇಲೆ ನಿಮಗೇ ಕಹಿ ಜಾಸ್ತಿ ಬೇಕೆನಿಸುತ್ತದೆ.

ಎಣ್ಣೆ, ಹುಳಿ, ಉಪ್ಪು

ನೂರು ಗ್ರಾಂ ಸೊಪ್ಪಿಗೆ ಒಂದೂವರೆ ಟೀ ಚಮಚ ಕೆಂಪು ವೈನ್ ವಿನೆಗರ್, ನಾಲ್ಕೂವರೆ ಟೀ ಚಮಚ ಒಳ್ಳೆಯ ಆಲಿವ್ ಎಣ್ಣೆ, ಕಾಲು ಟೀ ಚಮಚ ಉಪ್ಪು. ಹುಳಿ ಒಂದಕ್ಕೆ ಎಣ್ಣೆ ಮೂರು, ಇದು ಲೆಕ್ಕ. ವಿನೆಗರ್ ಇಲ್ಲದಿದ್ದರೆ ನಿಂಬೆರಸ, ಅದನ್ನು ಒಂದು ಟೀ ಚಮಚಕ್ಕೆ ಇಳಿಸಿ. ಸಕ್ಕರೆ, ಜೇನು, ಮೊಸರು, ಮಯೊನೀಸ್ ಬೇಡ. ಇಷ್ಟು ಎಳೆಯ ಸೊಪ್ಪು ಆ ಭಾರ ಹೊರುವುದಿಲ್ಲ.

ಅಗಲ ಬೋಗುಣಿಯ ಒಳಗೋಡೆಗೆ ಒಂದು ಎಸಳು ಬೆಳ್ಳುಳ್ಳಿ ಸೀಳಿ ಚೆನ್ನಾಗಿ ಉಜ್ಜಿ, ಎಸಳು ತೆಗೆದುಹಾಕಿ. ಉಪ್ಪನ್ನು ಮೊದಲು ವಿನೆಗರ್‌ಗೆ ಹಾಕಿ ಕರಗಿಸಿ, ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ. ಆಮೇಲೆ ಎಣ್ಣೆಯನ್ನು ಎಳೆಯಾಗಿ ಬಿಡುತ್ತಾ ಫೋರ್ಕಿನಿಂದ ಮಂದವಾಗುವವರೆಗೆ ಕಡೆಯಿರಿ.

ಈಗ ಸೊಪ್ಪು ಹಾಕಿ ಕೈಯಿಂದಲೇ ಕಲಸಿ. ಕೆಳಗಿಂದ ಎತ್ತಿ ಮೇಲೆ ಬಿಡುವುದು, ಅಷ್ಟೇ. ಹಿಂಡಬಾರದು, ಒತ್ತಬಾರದು. ಫ್ರೆಂಚಿನಲ್ಲಿ ಈ ಕಲಸುವಿಕೆಗೆ 'ಸಲಾಡನ್ನು ದಣಿಸುವುದು' ಅನ್ನುತ್ತಾರೆ. ಲೆಟ್ಯೂಸ್ ಬಲಿತದ್ದಾದರೆ ಚೆನ್ನಾಗಿ ದಣಿಸಬಹುದು. ಮೆಸ್ಕ್ಲನ್ನಿಗೆ ಏಳೆಂಟು ಸಲ ಎತ್ತಿ ಬಿಟ್ಟರೆ ಸಾಕು. ಪ್ರತಿ ಎಲೆಯೂ ಮಿರುಗಬೇಕು, ಬೋಗುಣಿಯ ತಳದಲ್ಲಿ ಎಣ್ಣೆ ನಿಂತಿರಬಾರದು. ಎಲ್ಲರೂ ಊಟಕ್ಕೆ ಕೂತ ಮೇಲೆಯೇ ಕಲಸಿ. ಹತ್ತು ನಿಮಿಷ ಬಿಟ್ಟರೆ ಉಪ್ಪು ನೀರೆಳೆದು ಸೊಪ್ಪು ಬಾಡಿಹೋಗುತ್ತದೆ.

ಜೊತೆಗೆ ಬ್ರೆಡ್ಡಿನ ಮೇಲೆ ಬಿಸಿ ಮಾಡಿದ ಮೇಕೆ ಹಾಲಿನ ಚೀಸ್ ಇಡುವುದು ಫ್ರಾನ್ಸಿನಲ್ಲಿ ರೂಢಿ. ನನಗೆ ಇದರ ಜೊತೆ ಇಷ್ಟವಾಗುವುದು ನೀಸ್‌ನದೇ ಸೊಕ್ಕಾ. ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಕಲಸಿ ಕಟ್ಟಿಗೆ ಒಲೆಯಲ್ಲಿ ದೊಡ್ಡ ತಾಮ್ರದ ತಟ್ಟೆಯ ಮೇಲೆ ಸುಡುವ ದಪ್ಪ ದೋಸೆ ಅದು. ಮನೆಯ ಕಬ್ಬಿಣದ ಕಾವಲಿಯಲ್ಲೂ ಬರುತ್ತದೆ. ಬಿಸಿಬಿಸಿ ತುಂಡಿನ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ, ಪಕ್ಕದಲ್ಲಿ ಒಂದು ಹಿಡಿ ಸೊಪ್ಪು. ಜೋಳದ ರೊಟ್ಟಿ ಜೊತೆ ತಿನ್ನುವವರು ಆಲಿವ್ ಬದಲು ಗಾಣದ ಶೇಂಗಾ ಎಣ್ಣೆ ಹಾಕಿ ನೋಡಿ. ಅದು ಆಗ ನೀಸ್‌ಗಿಂತ ನಮ್ಮ ಪಚಡಿಗೆ ಹತ್ತಿರವಾಗುತ್ತದೆ, ಅದೂ ಸೊಗಸೇ.

ಮುಂದಿನ ವರ್ಷಕ್ಕೆ ಬೀಜ

ಫೆಬ್ರವರಿ ಕೊನೆಗೆ ಬಿಸಿಲು ಏರಿದಾಗ ಒಂದು ಕುಂಡದ ರಾಕೆಟ್ ಕೊಯ್ಯದೆ ಬಿಟ್ಟುಬಿಡಿ. ಕೆನೆ ಬಣ್ಣದ, ಕಂದು ಗೆರೆಯ ನಾಲ್ಕೆಸಳಿನ ಹೂ ಬರುತ್ತದೆ. ಕೆಲವನ್ನು ಸೊಪ್ಪಿನ ಮೇಲೆ ಉದುರಿಸಿಕೊಂಡು ತಿನ್ನಬಹುದು, ಎಲೆಯದೇ ಖಾರ. ಮಿಕ್ಕವು ಸಾಸಿವೆಯಂತೆ ಕಾಯಿ ಕಟ್ಟುತ್ತವೆ. ಕಾಯಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿದಾಗ, ಸಿಡಿಯುವ ಮುಂಚೆ ಇಡೀ ರೆಂಬೆ ಕೊಯ್ದು ಕಾಗದದ ಚೀಲದಲ್ಲಿ ತಲೆಕೆಳಗಾಗಿ ತೂಗುಹಾಕಿ. ವಾರ ಬಿಟ್ಟು ಕೈಯಿಂದ ತಿಕ್ಕಿ, ಮೊರದಲ್ಲಿ ಕೇರಿ, ಗಾಜಿನ ಬಾಟಲಿಗೆ ತುಂಬಿ. ಮೇಲೆ ಹೆಸರು, ವರ್ಷ ಬರೆದು ಅಂಟಿಸಿ ತಂಪಾದ ಕಡೆ ಇಡಿ. ಅಕ್ಟೋಬರ್‌ಗೆ ಬೇಕಾಗುತ್ತದೆ.